ಕಣಜದ ಮೇಲಿನ ಚೀಟಿ

ಕಣಜದ ಹೊಟ್ಟೆಯ ಮೇಲೆ ಬೆಳ್ಳಗೆ ಏನೋ ಕಂಡಾಗ, ಬಳಿದಿದ್ದ ಸಗಣಿ ಕಿತ್ತುಹೋಗಿ ಇಲಿ ದಾರಿ ಮಾಡಿಕೊಂಡಿರಬೇಕು ಎಂದೇ ಸಣ್ಣತಾಯಮ್ಮ ತಿಳಿದಳು. ರಾಗಿ ತುಂಬಿಕೊಳ್ಳಲು ತಂದಿದ್ದ ಮೊರದ ಅಂಚಿನಿಂದ ತಟ್ಟಿ ನೋಡಿದಳು. ಹತ್ತಿರ ಬಗ್ಗಿದರೆ ಕಾಗದ. ಅಂಗೈಯಗಲದ ಕಾಗದದ ಮೇಲೆ ಕರಿ ಮಸಿಯಲ್ಲಿ ದಪ್ಪ ದಪ್ಪ ಅಕ್ಷರ. ಅಂಟಿಸಿದ ಗಂಜಿ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಇಲಿಯಾಗಿದ್ದರೆ ಅವಳಿಗೆ ಇಷ್ಟು ಗಾಬರಿಯಾಗುತ್ತಿರಲಿಲ್ಲ.

ಸಣ್ಣತಾಯಮ್ಮನಿಗೆ ಓದು ಬರದು. ಆದರೆ ಅಕ್ಷರ ಎಂಥದ್ದೆಂದು ಚೆನ್ನಾಗಿ ಗೊತ್ತು. ಮಲೇರಿಯಾದವನು ಬಾಗಿಲ ಪಕ್ಕ ಏನೋ ಗೀಚಿ ಹೋದ, ಆಮೇಲೆ ಬಂದು ಬೆರಳಿಗೆ ಚುಚ್ಚಿ ರಕ್ತ ತೆಗೆದ. ಓಟಿನವರು ಗೋಡೆ ತುಂಬ ಬರೆದರು, ಹಿಂದೆಯೇ ಕೈ ಮುಗಿದುಕೊಂಡು ಬಂದರು. ಈಚೆಗೆ ಎರಡೇ ಮಕ್ಕಳು ಸಾಕೆಂದು ಕೆಂಪು ತ್ರಿಕೋನ ಬರೆದು ಹೋದವರು ಏನು ಕೇಳಿಕೊಂಡು ಬಂದರೆಂಬುದನ್ನು ಹೆಂಗಸರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಗೋಡೆಗೆ ಅಕ್ಷರ ಹತ್ತಿತೆಂದರೆ ಯಾರೋ ಏನನ್ನೋ ಕೇಳಲು ಬರುತ್ತಾರೆ. ಅಷ್ಟು ವಿದ್ಯೆ ಅವಳಿಗಿತ್ತು. ಅದೆಲ್ಲ ಹೋಗಲಿ, ಬೀದಿ ಗೋಡೆಯ ಮಾತು. ಇದು ಒಳಮನೆ, ಅದರಲ್ಲೂ ಕಣಜ.

ಸುತ್ತ ಕಣ್ಣಾಡಿಸಿದಳು. ಮೂಲೆಯ ಮಣೆಯ ಮೇಲೆ ಬೋರಲು ಹಾಕಿದ್ದ ಹಿತ್ತಾಳೆ ಕೊಡಕ್ಕೊಂದು ಚೀಟಿ. ಒಲೆಯ ಹಿಂದಿನ ಗೋಡೆಗೊಂದು. ಕೊಟ್ಟಿಗೆಗೆ ಹೋದರೆ ಸಂಕ್ರಾಂತಿಗೆ ಮಾಡಿಸಿದ ಹೊಸ ನೊಗಕ್ಕೊಂದು. ವಾಪಸ್ಸು ಬಂದು ಹಜಾರದ ಕಂಬಕ್ಕೆ ಒರಗಿ ಕೂರೋಣವೆಂದರೆ ಅಲ್ಲೂ ಒಂದು, ಸರಿಯಾಗಿ ಅವಳ ತಲೆ ತಗಲುವ ಕಡೆ. ಸಣ್ಣತಾಯಮ್ಮ ಕೂರಲಿಲ್ಲ.

ಮೊಮ್ಮಗಳು ಸುಗುಣ ಅಂಗಳದಲ್ಲಿ ಹುಣಿಸೆಬೀಜ ಆಡುತ್ತಿತ್ತು. ಚಿಕ್ಕ ಮಗ ಪುಟ್ಟರಾಜುವಿನ ಮಗಳು, ಈ ವರ್ಷ ತಾನೇ ಒಂದನೇ ಕ್ಲಾಸಿಗೆ ಸೇರಿತ್ತು. ಅಜ್ಜಿ ಅದರ ರೆಟ್ಟೆ ಹಿಡಿದು ಕಣಜದ ಮುಂದೆ ತಂದು ನಿಲ್ಲಿಸಿದಳು.

"ಏನಮ್ಮಿ ಇದು?"

"ಕಣಜ."

"ಕಣಜ ಅಂತ ನಂಗೂ ಗೊತ್ತು ಕಣಮ್ಮಿ, ನಾನೇನು ಕುಲ್ಡಿ ಅಲ್ಲ. ಚೀಟೀಲಿ ಏನು ಬರ್ದದೆ ಯೋಳು."

"ಕಣಜ."

"ಯಾರು ಬರ್ದದ್ದು?"

"ಅವ್ವ." ಮಗು ಬಾಯಲ್ಲಿದ್ದ ಹುಣಿಸೆಬೀಜವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿತು. "ಯಾರ್ಗೂ ಯೋಳ್ಬ್ಯಾಡ ಅಂದವ್ಳೆ."

"ಏನ ಯೋಳ್ಬ್ಯಾಡ ಅಂದವ್ಳೆ?"

ಮಗು ರೆಟ್ಟೆ ಬಿಡಿಸಿಕೊಂಡು ಓಡಿಹೋಯಿತು.

ಸಣ್ಣತಾಯಮ್ಮನ ಅನುಮಾನ ಊರಿಗೇ ಗೊತ್ತಿದ್ದದ್ದು. ಕೋಳಿ ಮೊಟ್ಟೆಯಿಟ್ಟು ಕೂಗಿದರೂ ಬುಟ್ಟಿಗೆ ಕೈ ಹಾಕಿ ನೋಡಿಯೇ ನಂಬುವವಳು ಎಂದು ನಗಾಡುತ್ತಿದ್ದರು. ನಗುವವರಿಗೇನು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಇದು ಪೂರಾ ತೊಟ್ಟಿಮನೆ. ಗಂಡನೂ ಮೈದುನನೂ ಬೇರೆಯಾದಾಗ ಅರ್ಧವಾಯಿತು. ಅದು ಶುರುವಾದದ್ದೂ ಹೀಗೆಯೇ. ಒಂದು ಬೆಳಿಗ್ಗೆ ನೋಡಿದರೆ ಓರಗಿತ್ತಿ ಅಕ್ಕಿಯ ಮಡಕೆಗೆ ಸುಣ್ಣದ ಬೊಟ್ಟು ಇಟ್ಟಿದ್ದಳು. "ಏನಿಲ್ಲ ಕಣಕ್ಕ, ದಿಷ್ಟಿಗೆ" ಎಂದಿದ್ದಳು. ಸಣ್ಣತಾಯಮ್ಮ ನಂಬಿದಳು, ಆಗಿನ್ನೂ ನಂಬುವ ವಯಸ್ಸು. ನೋಡನೋಡುತ್ತ ಮನೆ ತುಂಬ ಬೊಟ್ಟು ಬಿದ್ದವು. ಊರ ಯಜಮಾನರು ಬಂದು ಕೂತರು. ಪಾಲಿನ ಪದ್ಧತಿಯಂತೆ ಒಬ್ಬರ ಸಾಮಾನಿಗೆ ಸುಣ್ಣ, ಒಬ್ಬರದಕ್ಕೆ ಕೆಮ್ಮಣ್ಣು. ಒಲೆ ಒಡೆದರು. ತೊಟ್ಟಿಯ ನಡುವೆ ಗೋಡೆ ಎದ್ದಿತು. ನೆಲದಲ್ಲಿ ಹೂತಿದ್ದ ಒರಳುಕಲ್ಲು ಗೋಡೆಯ ದಾರಿಗೆ ಸಿಕ್ಕಿತು. ಅದನ್ನು ಇವರೂ ಬಿಡಲಿಲ್ಲ, ಅವರೂ ಬಿಡಲಿಲ್ಲ, ಗೋಡೆ ಅದರ ಮೇಲೇ ಹೋಯಿತು. ಈಗ ಅರ್ಧ ಕಲ್ಲು ಈ ಕಡೆ, ಅರ್ಧ ಆ ಕಡೆ. ಎರಡು ಮನೆಯವರಲ್ಲಿ ಯಾರೂ ಅದರಲ್ಲಿ ಒಂದು ಹಿಡಿ ಮೆಣಸಿನಕಾಯಿ ಕುಟ್ಟಲಾರರು.

ಉಳಿದ ಈ ಅರ್ಧವನ್ನು ಅವಳು ಹೇಗೋ ಒಂದಾಗಿ ಹಿಡಿದುಕೊಂಡು ಬಂದಿದ್ದಳು. ದೊಡ್ಡ ಮಗ ತಿಮ್ಮಯ್ಯ ಗೇಯುತ್ತಿದ್ದ. ಅವನ ಹೆಂಡತಿ ಪುಟ್ಟಮಾದಮ್ಮ ಬಾಯಿಗೂ ಗಟ್ಟಿ, ರಟ್ಟೆಗೂ ಗಟ್ಟಿ. ಅವರಿಗಿದ್ದೊಬ್ಬ ಮಗಳನ್ನು ಬಂಡೂರಿಗೆ ಕೊಟ್ಟಾಗಿತ್ತು. ಪುಟ್ಟರಾಜು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸದಲ್ಲಿದ್ದು, ಭಾನುವಾರ ಸೋಮನಹಳ್ಳಿಯಲ್ಲಿ ಬಸ್ಸಿಳಿದು ಊರಿಗೆ ನಡೆದು ಬರುತ್ತಿದ್ದ. ಅವನ ಹೆಂಡತಿ ಚಲುವಮ್ಮ ಮದ್ದೂರಿನವಳು, ಏಳನೇ ಕ್ಲಾಸು ಓದಿದವಳು. ಓದಿದ ಸೊಸೆ ಬೇಡ ಎಂದು ಸಣ್ಣತಾಯಮ್ಮ ಅವತ್ತೇ ಹೇಳಿದ್ದಳು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಸಂಜೆ ನಾಲೆಯಿಂದ ಬಟ್ಟೆ ಒಗೆದುಕೊಂಡು ಬಂದ ಚಲುವಮ್ಮನನ್ನು ಅಂಗಳದಲ್ಲೇ ತಡೆದಳು.

"ಇದೇನೆ ಚಲುವಿ, ಕಣಜಕ್ಕೆ ಪಟ್ಟಿ ಆಕಿದ್ದೀಯೆ? ಅದಕ್ಕೇನು ಗಾಯ ಆಗಿತ್ತಾ?"

ಚಲುವಮ್ಮ ನಕ್ಕಳು. "ಸುಗುಣಂಗೆ ಓದು ಕಲಿಸಕ್ಕೆ ಅತ್ತೆ. ನಮ್ಮೂರಲ್ಲಿ ಪಕ್ಕದ ಮನೆ ಗೋದಮ್ಮ ಟೀಚರು ಹೇಳಿಕೊಟ್ರು. ಸಾಮಾನಿನ ಮೇಲೆ ಅದರ ಹೆಸರು ಬರೆದು ಅಂಟಿಸಿದ್ರೆ, ದಿನಾ ಕಣ್ಣಿಗೆ ಬಿದ್ದು ಬಿದ್ದು ಇಡೀ ಪದಾನೇ ಗುರುತು ಸಿಗ್ತದಂತೆ."

"ಇಸ್ಕೂಲು ಇರದು ಮತ್ಯಾತಕ್ಕೆ?"

ಚಲುವಮ್ಮನ ನಗು ನಿಂತಿತು. ಒದ್ದೆ ಸೀರೆ ಹಿಂಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದಳು. "ಅಲ್ಲೂ ಕಲಿಸ್ತಾರೆ" ಎಂದಳು.

ಆ ತಿರುಗಿದ ಮುಖವನ್ನು ಸಣ್ಣತಾಯಮ್ಮ ಮರೆಯಲಿಲ್ಲ. ಕಣಜ ನೋಡಿ ಓದು ಕಲಿಯುವುದೆಂದರೇನು? ಅವಳ ಇಬ್ಬರು ಮಕ್ಕಳೂ ಮರಳಿನ ಮೇಲೆ ಬೆರಳು ಸವೆಯುವ ತನಕ ತೀಡಿ ಕಲಿತವರು. ತಿಮ್ಮಯ್ಯ ಮರಳಲ್ಲಿ ತೀಡಿದ್ದನ್ನು ಮರಳಲ್ಲೇ ಬಿಟ್ಟು ಬಂದ, ಆ ಮಾತು ಬೇರೆ. ನೋಡಿದರೆ ಓದು ಬರುವುದಾಗಿದ್ದರೆ ಕಣಜದ ಇಲಿಗಳೆಲ್ಲ ಇಷ್ಟು ಹೊತ್ತಿಗೆ ಪಂಡಿತರಾಗಬೇಕಿತ್ತು. ಅದೂ ಅಲ್ಲದೆ ಈ ಓದು ಒಳ್ಳೆ ಒಳ್ಳೆ ಸಾಮಾನನ್ನೇ ಹುಡುಕಿಕೊಂಡು ಹೋಗಿ ಕೂತಿತ್ತು. ಹಿತ್ತಾಳೆ ಕೊಡಕ್ಕೆ ಚೀಟಿ ಉಂಟು, ದಿನಾ ನೀರು ತರುವ ಸೋರುವ ಮಣ್ಣಿನ ಕೊಡಕ್ಕಿಲ್ಲ. ಹೊಸ ನೊಗಕ್ಕೆ ಉಂಟು, ಹಳೆಯದಕ್ಕಿಲ್ಲ. ನೀರು ಬಿದ್ದರೆ ಕಾಗದ ನಿಲ್ಲುವುದಿಲ್ಲ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆದರೂ ಅದನ್ನು ಪಕ್ಕಕ್ಕೆ ಸರಿಸಿದಳು. ಕಂಬದ ಚೀಟಿಯಂತೂ ಎದೆಯಲ್ಲಿ ಮುಳ್ಳಾಡಿಸಿತು. ಕಂಬ ಚಿಕ್ಕವನ ಪಾಲಿಗಾದರೆ, ಅದಕ್ಕೊರಗಿ ಕೂರುವ ಮುದುಕಿ ಯಾರ ಪಾಲಿಗೆ?

ಭಾನುವಾರ ಬಂದ ಪುಟ್ಟರಾಜು ಕೊಟ್ಟಿಗೆಯ ಹಿಂದೆ ಹೆಂಡತಿಯ ಹತ್ತಿರ ನಿಂತು ಮಾತಾಡುತ್ತಿದ್ದ. ಸಣ್ಣತಾಯಮ್ಮ ಹುಲ್ಲು ಎಳೆಯುವವಳಂತೆ ಮೆದೆಯ ಈಚೆ ನಿಂತಳು. "ಮಂಡ್ಯಕ್ಕೇ ಕರ್ಕಂಡೋಗದು ಸರಿ" ಎಂದದ್ದು ಕೇಳಿಸಿತು. "ಮೆಲ್ಲಗೆ ಅನ್ನಿ, ಅತ್ತೆ ಕಿವಿಗೆ ಬಿದ್ದಾತು" ಎಂದಳು ಚಲುವಮ್ಮ. ಬಿದ್ದಾಗಿತ್ತು.

ಓದುಬಲ್ಲ ಯಾರನ್ನಾದರೂ ಕರೆದು ತೋರಿಸಬಹುದಿತ್ತು. ಆದರೆ ಮನೆಯ ಹುಳುಕನ್ನು ತಾನೇ ಬೀದಿಗೆ ಎಸೆದಂತಾಗುತ್ತದೆ. ಅದಕ್ಕೇ ಅವಳು ತನ್ನದೇ ಒಂದು ಪರೀಕ್ಷೆ ಹೂಡಿದಳು. ಸೊಸೆಯರಿಬ್ಬರೂ ಕಬ್ಬಿನ ಗದ್ದೆಗೆ ಹೋಗಿದ್ದ ಒಂದು ಮಧ್ಯಾಹ್ನ, ಬೆರಳು ಒದ್ದೆ ಮಾಡಿಕೊಂಡು ಕಣಜದ ಚೀಟಿಯನ್ನು ನಿಧಾನ ಎಬ್ಬಿಸಿದಳು. ಕೊಡದ್ದನ್ನು ಎಬ್ಬಿಸಿದಳು. ಒಲೆಯ ಹಿಂದಿನದನ್ನೂ ಎಬ್ಬಿಸಿದಳು. ಮೂರನ್ನೂ ಮಡಿಲಲ್ಲಿಟ್ಟುಕೊಂಡ ಮೇಲೆ ಒಂದು ಕಷ್ಟ ಎದುರಾಯಿತು. ಪರೀಕ್ಷೆ ಮುಗಿದ ಮೇಲೆ ಅದದನ್ನು ಅದರದರ ಜಾಗಕ್ಕೆ ವಾಪಸ್ಸು ಅಂಟಿಸಬೇಕಲ್ಲ? ಯಾವುದು ಯಾವುದೆಂದು ಗುರುತಿಟ್ಟುಕೊಳ್ಳದಿದ್ದರೆ ಕಳ್ಳತನ ಬಯಲಾಗುತ್ತದೆ. ಬಾಗಿಲ ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿದಳು. ಕಣಜದ್ದು ಉದ್ದ, ಮೂರು ಜನ ಸಾಲಾಗಿ ಕೂತ ಹಾಗೆ. ನಡುವಿನವಳು ಕಾಲು ಸುತ್ತಿಕೊಂಡಿದ್ದಾಳೆ. ಕೊಡದ್ದು ಗಿಡ್ಡ, ಮುಂದಿನದು ಕರುವಿನ ಹಾಗೆ ಬಾಲ ಮೇಲೆತ್ತಿಕೊಂಡಿದೆ, ಹಿಂದಿನದಕ್ಕೆ ಹೊಟ್ಟೆಯಡಿ ಸೀಳು. ಒಲೆಯದು ಬಸವನಹುಳು ಇರುವುದು. ಮೂರನ್ನೂ ಹೊಲದ ಗಡಿಕಲ್ಲು ನೋಡಿಟ್ಟುಕೊಳ್ಳುವ ಹಾಗೆ ನೋಡಿಟ್ಟುಕೊಂಡಳು. ಕಣ್ಣು ಮುಚ್ಚಿ ಇನ್ನೊಂದು ಸಲ ನೆನೆಸಿಕೊಂಡು, ಮೂರೂ ಕಂಡವೆಂದು ಖಾತ್ರಿಯಾದ ಮೇಲೆ ಅನ್ನದ ಅಗುಳು ಅರೆದು ಅದಲುಬದಲು ಅಂಟಿಸಿದಳು: ಕಣಜದ್ದು ಕೊಡಕ್ಕೆ, ಕೊಡದ್ದು ಒಲೆಯ ಗೋಡೆಗೆ, ಒಲೆಯದು ಕಣಜಕ್ಕೆ.

ಸುಗುಣ ಸ್ಲೇಟು ಎಸೆದು ಒಳಗೆ ಬಂದಾಗ ಕೈಗೊಂದು ಬೆಲ್ಲದ ಚೂರು ಕೊಟ್ಟು ಕೊಡದ ಮುಂದೆ ನಿಲ್ಲಿಸಿದಳು. "ಚೀಟೀಲಿ ಏನದೆ ಯೋಳು."

"ಕೊಡ."

"ಇಲ್ಲಿ?"

"ಒಲೆ."

"ಕಣಜದ ತಾವ?"

"ಕಣಜ. ಇನ್ನೊಂಚೂರು ಬೆಲ್ಲ ಕೊಡಜ್ಜಿ."

ಸಣ್ಣತಾಯಮ್ಮ ಕಣಜ ಹಿಡಿದುಕೊಂಡೇ ಕೂತಳು. ಎಂಥ ಸುಳ್ಳು! ಕಣಜ ಎಂದು ಬರೆದ ಕಾಗದ ಕೊಡದ ಮೇಲೆ ಕೂತರೂ ಕಣಜ ಎಂದೇ ಹೇಳಬೇಕು ತಾನೆ? ಹಾಗಾದರೆ ಅದರಲ್ಲಿ ಬರೆದದ್ದು ಕಣಜವೂ ಅಲ್ಲ, ಕೊಡವೂ ಅಲ್ಲ. ಯಾರು ಏನು ತೋರಿಸಿ ಕೇಳಿದರೂ ಆ ಸಾಮಾನಿನ ಹೆಸರು ಹೇಳೆಂದು ತಾಯಿ ಮಗುವಿಗೆ ಬಾಯಿಪಾಠ ಮಾಡಿಸಿದ್ದಾಳೆ. ಅಷ್ಟು ಎಳೆಯ ಕೂಸಿನ ಬಾಯಲ್ಲಿ ಸುಳ್ಳು ತುಂಬಿದ್ದಾಳಲ್ಲ ಎಂದು ಅವಳಿಗೆ ನಿಜಕ್ಕೂ ಅಳು ಬಂತು. ಚೀಟಿಗಳನ್ನು ವಾಪಸ್ಸು ಅಂಟಿಸುವುದಕ್ಕೂ ಮನಸ್ಸು ಬರಲಿಲ್ಲ, ಅಷ್ಟರಲ್ಲಿ ತಿಮ್ಮಯ್ಯ ನೇಗಿಲು ಹೊತ್ತು ಬಂದ.

"ಬುಡವ್ವ" ಎಂದ ತಿಮ್ಮಯ್ಯ ಎಲ್ಲ ಕೇಳಿ. "ಕಾಗ್ಜ ಅಂಟಿಸಿದ್ರೆ ಅಟ್ಟಿ ಒಡ್ದೋದದಾ?"

"ನಿಮ್ಮಪ್ಪನೂ ಇಂಗೇ ಅಂದಿದ್ದ ಕಣ್ಲಾ. ಬೊಟ್ಟಿಕ್ಕಿದ್ರೆ ಅಟ್ಟಿ ಒಡ್ದೋದದಾ ಅಂದಿದ್ದ. ಆ ಗ್ವಾಡೆ ಕೇಳೋಗು."

ತಿಮ್ಮಯ್ಯನಿಗೆ ಹೇಳಿದ್ದು ತಿಮ್ಮಯ್ಯನಲ್ಲೇ ಉಳಿಯುತ್ತಿತ್ತು. ಆದರೆ ಗದ್ದೆಯಿಂದ ಮುಂದಾಗಿ ಬಂದಿದ್ದ ಪುಟ್ಟಮಾದಮ್ಮ ಹಿತ್ತಲ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಳು. ಕಾಲು ತೊಳೆಯುವುದಕ್ಕೆ ಅಷ್ಟು ಹೊತ್ತು ಯಾರಿಗೂ ಬೇಕಾಗುವುದಿಲ್ಲ.

ಬೆಳಗಾಗುವಷ್ಟರಲ್ಲಿ ಪುಟ್ಟಮಾದಮ್ಮ ತವರಿನಿಂದ ತಂದ ತಪ್ಪಲೆಗಳ ಮೇಲೆ ಸುಣ್ಣದ ಬೊಟ್ಟು ಬಿದ್ದಿದ್ದವು. ತವರಿನ ಹಸುವಿನ ಕೊಂಬಿಗೊಂದು. ತವರಿನದಲ್ಲದ ಬೀಸುವ ಕಲ್ಲಿಗೂ ಒಂದು. ಕಣಜದ ಮೇಲೆ, ಚೀಟಿಯ ಪಕ್ಕದಲ್ಲೇ, ಹೆಬ್ಬೆರಳ ಗಾತ್ರದ ಬೊಟ್ಟು. ಅದನ್ನು ಕಂಡವಳೇ ಸಣ್ಣತಾಯಮ್ಮ ಹಿರಿಸೊಸೆಯನ್ನು ಕೂಗಿದಳು.

"ಮಾದಿ, ಏನೆ ಇದು?"

"ಅವ್ಳು ಕಾಗ್ಜ ಅಂಟಿಸ್ಬೋದು, ನಾನು ಸುಣ್ಣ ಇಕ್ಬಾರ್ದಾ?" ಪುಟ್ಟಮಾದಮ್ಮ ಸೌದೆ ಮುರಿಯುತ್ತಲೇ ಹೇಳಿದಳು. "ನಂಗೆ ಅಕ್ಸರ ಬರಾಕಿಲ್ಲ ಕಣತ್ತೆ. ಸುಣ್ಣ ಬತ್ತದೆ."

ಚಲುವಮ್ಮ ಬೊಟ್ಟುಗಳನ್ನು ನೋಡಿದಳು, ಏನೆಂದು ಕೇಳಿದಳು, ಯಾರೂ ಹೇಳಲಿಲ್ಲ. ತಾನೇ ಅಂಟಿಸಿದ ಚೀಟಿಗಳನ್ನು ಮತ್ತೆ ಓದಿ ನೋಡುವುದು ಅವಳಿಗೆ ಹೊಳೆಯಲಿಲ್ಲ. ಮುಖ ಬಿಗಿದುಕೊಂಡು ತನ್ನ ಪಾಡಿಗೆ ತಾನು ಬೇಯಿಸಿದಳು. ಪುಟ್ಟಮಾದಮ್ಮ ಅವಳು ಬಡಿಸಿದ ಸಾರು ಮುಟ್ಟಲಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ಬೆನ್ನು ತಿರುಗಿಸಿ ಕೂರುವುದನ್ನು ನೋಡಿ, ಇನ್ನು ತಡ ಮಾಡಿದರೆ ಒಲೆ ಎರಡಾಗುತ್ತದೆಂದು ಸಣ್ಣತಾಯಮ್ಮ ಊರ ಯಜಮಾನ ಅಂಕಯ್ಯನಿಗೆ ಹೇಳಿ ಕಳಿಸಿದಳು. ಹಿಂದಿನ ಪಾಲಿನಲ್ಲೂ ಕೂತಿದ್ದವನು ಅವನೇ.

ಭಾನುವಾರ ಪುಟ್ಟರಾಜು ಚೀಲ ಕೆಳಗಿಡುವ ಮೊದಲೇ ಅಂಕಯ್ಯ ಜಗಲಿಯಲ್ಲಿದ್ದ. ಎಲ್ಲರೂ ಹಜಾರದಲ್ಲಿ ಸೇರಿದರು. ಸಣ್ಣತಾಯಮ್ಮ ಸುತ್ತಿ ಬಳಸಿ ಹೇಳುವವಳಲ್ಲ.

"ನಮ್ಮಟ್ಟಿ ಸಾಮಾನಿಗೆಲ್ಲ ಚೀಟಿ ಬಿದ್ದದೆ ಅಂಕಣ್ಣ. ಕೇಳಿದ್ರೆ ಮಗೀಗೆ ಓದು ಅಂತಾಳೆ. ನಂಗೆ ನಂಬ್ಕೆ ಇಲ್ಲ. ಏನದೆ ನೀನೇ ಓದಿ ಯೋಳು. ಪಾಲು ಬೇಕಾದ್ರೆ ಬಾಯ್ಬುಟ್ಟು ಕೇಳ್ಲಿ."

"ಪಾಲಾ?" ಪುಟ್ಟರಾಜು ಬಾಯಿ ತೆರೆದವನು ಹಾಗೇ ನಿಂತ. ಚಲುವಮ್ಮನಿಗೆ ಸುಣ್ಣದ ಬೊಟ್ಟಿನ ಅರ್ಥ ಈಗ ಆಯಿತು. "ಪಾಲು ಯಾರಿಗೆ ಬೇಕು ಅತ್ತೆ? ನೋಡ್ಲಿ. ಓದ್ಲಿ. ಎಲ್ಲಾ ಅದರದರ ಹೆಸರೇ ಇರೋದು" ಎಂದಳು, ಧೈರ್ಯವಾಗಿಯೇ.

ಅಂಕಯ್ಯ ಕನ್ನಡಕ ಏರಿಸಿ ಕೊಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನ ಓದು ಎತ್ತಿನಗಾಡಿಯ ಓದು. "ಕ... ಣ... ಜ." ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. "ಕಣಜ. ಪುಟ್ರಾಜು, ಇದ್ರಲ್ಲಿ ಎಷ್ಟು ಮೂಟೆ ರಾಗಿ ಇಡೀತದಲಾ?" ಎಂದು ನಕ್ಕ. ಎದ್ದು ಕಣಜದ ಹತ್ತಿರ ಹೋದ. ಅಲ್ಲಿ ನಗು ನಿಂತಿತು. "ಒಲೆ" ಎಂದ. "ಇದೇನವ್ವ ಚಲುವಮ್ಮ? ತುಂಬಿದ ಕಣಜಕ್ಕೆ ಒಲೆ ಅಂತ ಬರ್ದಿದ್ದೀಯಲ್ಲ, ಬೆಂಕಿ ಇಕ್ಬೇಕು ಅಂತಿದ್ದೀಯಾ?"

"ಅಯ್ಯೋ ನನ್ ಮಾರಮ್ಮ!" ಎಂದಳು ಪುಟ್ಟಮಾದಮ್ಮ.

"ನಾನು ಹಂಗೆ ಅಂಟಿಸಿಲ್ಲ!" ಚಲುವಮ್ಮ ಓಡಿ ಬಂದು ನೋಡಿದಳು. ಅವಳ ಕಣ್ಣಿಗೂ ಒಲೆ ಎಂದೇ ಇತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸಣ್ಣತಾಯಮ್ಮ ಎಲೆ ಅಡಿಕೆ ಚೀಲದೊಳಗೆ ಏನೋ ಹುಡುಕುತ್ತಿದ್ದಳು. "ಸುಗುಣ, ನೀನು ಕಿತ್ತು ಕಿತ್ತು ಅಂಟಿಸಿದ್ಯಾ?"

ಮಗು ಇಲ್ಲವೆಂದು ತಲೆಯಾಡಿಸಿತು.

"ಹೋಗ್ಲಿ. ನೀನೇ ಓದಿ ಹೇಳು ಕಂದ, ನಿಂಗೆ ಬತ್ತದಲ್ಲ." ಅವಳು ಮಗಳನ್ನು ಕೊಡದ ಮುಂದೆ ನಿಲ್ಲಿಸಿದಳು. "ಇದರಲ್ಲಿ ಏನದೆ?"

"ಕೊಡ."

"ಕೊಡ ನೋಡಬೇಡ. ಚೀಟಿ ನೋಡು."

"ಕೊಡ."

ಚಲುವಮ್ಮ ಚೀಟಿಯನ್ನು ಪರ್ರನ ಕಿತ್ತು, ಕೈಯಲ್ಲಿ ಎತ್ತಿ ಹಿಡಿದಳು. "ಈಗ ನೋಡು. ಈಗ ಏನು?"

ಮಗು ಚೀಟಿ ನೋಡಲಿಲ್ಲ. ಅದು ಈಗ ಯಾವುದರ ಮೇಲಿದೆ ಎಂದು ನೋಡಿತು. ಚೀಟಿ ಹಿಡಿದ ಕೈಯನ್ನು ನೋಡಿ, ಕೈಯಿಂದ ಮೇಲೆ ಮುಖದವರೆಗೆ ನೋಡಿ, ಸಿಕ್ಕಿತೆಂದು ಖುಷಿಯಿಂದ ಹೇಳಿತು. "ಅವ್ವ!"

ಅಂಕಯ್ಯ ಹೊಟ್ಟೆ ಹಿಡಿದು ನಕ್ಕ. ಪುಟ್ಟಮಾದಮ್ಮನೂ ನಕ್ಕಳು. ಎಲ್ಲರೂ ನಗುವುದನ್ನು ಕಂಡು ಮಗುವೂ ನಕ್ಕಿತು. ಚಲುವಮ್ಮ ಮಾತ್ರ ಗೋಡೆ ಹಿಡಿದು ಕೆಳಗೆ ಕುಸಿದು ಕೂತಳು.

"ಒಂದೂ ಬರಲ್ಲ ಇದಕ್ಕೆ" ಎಂದಳು. ಯಾರಿಗೂ ಹೇಳಿದ್ದಲ್ಲ. "ಬತ್ತದೆ ಅಂದ್ಕೊಂಡಿದ್ದೆ. ಒಂದೂ ಬರಲ್ಲ. ಮೇಷ್ಟ್ರು ಅಂದ್ರು, ಈ ಮಗೀಗೆ ತಲೆಗೆ ಹತ್ತಲ್ಲ ಕಣಮ್ಮ, ಅ ಆ ದಾಟಲಿಲ್ಲ, ಬೆಂಚು ಯಾಕೆ ಸವೆಸ್ತೀರಿ ಅಂದ್ರು. ಊರಿಗೆ ಗೊತ್ತಾದ್ರೆ ಪೆದ್ದಿ ಅಂತ ಹೆಸರಿಡ್ತಾರೆ, ನಾಳೆ ಯಾರು ಕೈ ಹಿಡೀತಾರೆ ಅಂತ ಬಾಯಿ ಮುಚ್ಕಂಡಿದ್ದೆ. ಅದಕ್ಕೇ ಇದೆಲ್ಲಾ ಮಾಡಿದ್ದು."

"ಮಂಡ್ಯಕ್ಕೆ ಕರ್ಕಂಡೋಗಿ ಡಾಕ್ಟ್ರಿಗೆ ತೋರಿಸವ ಅಂತಿದ್ದೋ" ಎಂದ ಪುಟ್ಟರಾಜು ತಲೆ ತಗ್ಗಿಸಿ. "ಅದ್ಬುಟ್ಟು ಇನ್ನೇನೂ ಇಲ್ಲ ಕಣವ್ವ."

ಅಂಕಯ್ಯ ಟವಲು ಕೊಡವಿ ಎದ್ದ. "ಇದಕ್ಕಾ ನನ್ನ ಕರ್ಸಿದ್ದು ತಾಯವ್ವ? ಎಣ್ಮಗ, ದನ ಮೇಯಿಸ್ಕಂಡಿರ್ಲಿ ಬುಡು. ಎಮ್ಮೆಗೆ ಅಕ್ಸರ ಬಂದ್ರೆ ಆಲು ಜಾಸ್ತಿ ಕೊಟ್ಟದಾ?" ಎಂದು ನಗಾಡಿಕೊಂಡು ಹೊರಟುಹೋದ. ಸಂಜೆಯೊಳಗೆ ಊರೆಲ್ಲ ಈ ಕಥೆ ಕೇಳುವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪುಟ್ಟರಾಜು ಹೆಂಡತಿಯ ಮುಖ ನೋಡದೆ ಹೇಳಿದ, "ಸಾಕು. ನಾಳೆಯಿಂದ ಇಸ್ಕೂಲೂ ಬ್ಯಾಡ, ಚೀಟಿಯೂ ಬ್ಯಾಡ. ನಗೆಪಾಟಲಾಗದು ಇಷ್ಟು ಸಾಕು." ಚಲುವಮ್ಮ ಎದ್ದಳು. ಕಣಜದ್ದು, ನೊಗದ್ದು, ಕಂಬದ್ದು ಎಲ್ಲ ಕಿತ್ತು ಒಲೆಗೆ ಹಾಕಿದಳು.

ಮನೆ ಒಡೆಯುವುದಿಲ್ಲ. ಸಣ್ಣತಾಯಮ್ಮನಿಗೆ ಮೊದಲು ಅನ್ನಿಸಿದ್ದು ಅದು, ಬೆಟ್ಟ ಇಳಿದಂತಾಯಿತು. ಆಮೇಲೆ, ಮುದ್ದೆ ಮುರಿಯುವಾಗ, ಎಲ್ಲರೂ ನಕ್ಕರೆಂದು ತಾನೂ ನಕ್ಕ ಮಗುವಿನ ಮುಖ ಕಣ್ಣಿಗೆ ಬಂತು, ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದಳು. ಕೂಸಿನ ಬಾಯಲ್ಲಿ ಯಾರೂ ಸುಳ್ಳು ತುಂಬಿರಲಿಲ್ಲ. ಅದಕ್ಕೆ ತಿಳಿದಷ್ಟನ್ನೇ ಅದು ಹೇಳಿತ್ತು. ಚೀಟಿ ಬದಲಿಸಿದ್ದು ನಾನೇ ಎಂದರೆ ಇಷ್ಟು ವರ್ಷದ ಯಜಮಾನಿಕೆ ಮಣ್ಣುಪಾಲು. ಅನ್ನದಿದ್ದರೆ ನಾಳೆಯಿಂದ ಮಗು ಎಮ್ಮೆಯ ಹಿಂದೆ. ಅವಳು ಬಾಯಿ ತೆರೆಯಲಿಲ್ಲ. ತೆರೆಯದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮಾರನೆಯ ಬೆಳಿಗ್ಗೆ ಪುಟ್ಟಮಾದಮ್ಮ ಹುಣಿಸೆಹಣ್ಣು ಹಚ್ಚಿ ಗೊಣಗುತ್ತ ತಪ್ಪಲೆಗಳ ಬೊಟ್ಟು ಉಜ್ಜುತ್ತಿದ್ದಳು. ಪುಟ್ಟರಾಜು ಮೊದಲ ಬಸ್ಸಿಗೇ ಹೋಗಿದ್ದ. ಬೇರೆ ಮಕ್ಕಳು ಸ್ಲೇಟು ಹಿಡಿದು ಬೀದಿಯಲ್ಲಿ ಕೂಗುತ್ತ ಹೋದರು. ಸುಗುಣ ತೊಟ್ಟಿಯಲ್ಲಿ ನಿಂತು ಕೇಳಿಸಿಕೊಂಡಿತು. ಸಣ್ಣತಾಯಮ್ಮ ಗೋಡೆಯಡಿ ಅರ್ಧ ಹೂತ ಒರಳುಕಲ್ಲಿನ ಪಕ್ಕ ಕೂತು ಎಲೆಗೆ ಸುಣ್ಣ ಸವರುತ್ತಿದ್ದವಳು, ಬೆರಳನ್ನು ಎಲೆಗೆ ತಾಗಿಸದೆ ಹಾಗೇ ಹಿಡಿದುಕೊಂಡಳು. ಆಮೇಲೆ ಬಗ್ಗಿ ಕರಿ ಕಲ್ಲಿನ ಮೇಲೆ ಬೆರಳು ಇಟ್ಟಳು.

ಬರೆದು ಗೊತ್ತಿಲ್ಲದ ಕೈ. ಕರು ಸೊಟ್ಟಗಾಯಿತು. ಬಾಲ ಬೇಕಾದ್ದಕ್ಕಿಂತ ಉದ್ದವಾಯಿತು. ಹಿಂದಿನದರ ಹೊಟ್ಟೆಯಡಿಯ ಸೀಳನ್ನು ಉಗುರಿನಿಂದ ಕೆರೆದು ತೆಗೆದಳು. ದೂರ ಸರಿದು ತಲೆ ಓರೆ ಮಾಡಿ ನೋಡಿದಳು. ಅದೇ ಹೌದು ಅನ್ನಿಸಿತು.

"ಬಾಮ್ಮಿ ಇಲ್ಲಿ. ಇದೇನು ಯೋಳು."

ಸುಗುಣ ಕಲ್ಲು ನೋಡಿತು. "ಒರಳು."

"ಅಲ್ಲ. ಒರಳ ನೋಡ್ಬ್ಯಾಡ."

ಮಗು ಅಜ್ಜಿಯ ಕೈ ನೋಡಿತು. "ಸುಣ್ಣ." ಅದೂ ಅಲ್ಲವೆಂದಾಗ ಮುಖ ನೋಡಿತು. "ಅಜ್ಜಿ."

"ನನ್ ಮೊಕಾನೂ ನೋಡ್ಬ್ಯಾಡ." ಸಣ್ಣತಾಯಮ್ಮ ಅದರ ಗಲ್ಲ ಹಿಡಿದು ಕೆಳಗೆ ತಿರುಗಿಸಿದಳು. "ಯಾರ್ನೂ ನಂಬಬ್ಯಾಡ ಕಣಮ್ಮಿ. ಒರಳ ಮೇಲದೆ ಅಂದ್ಬುಟ್ಟು ಒರಳಾಗಕಿಲ್ಲ, ಜಾಗ ಮೋಸ ಮಾಡ್ತದೆ. ಇದ್ರ ಮೊಕ ನೋಡು, ಇದ್ರದೇ. ಮುಂದ್ಲದು ಬಾಲ ಎತ್ಕಂಡದೆ, ಕಂಡ್ತಾ? ಇಂದ್ಲದ್ರ ಒಟ್ಟೆ ಸೀಳದೆ. ಇಂಗಿರದು ಒಂದೇ ಒಂದು ನಮ್ಮಟ್ಟೀಲಿ. ಎಲ್ಲಿ ಕಂಡಿದ್ದೆ?"

ಮಗು ಕಲ್ಲಿನ ಮುಂದೆ ಕೂತಿತು. ಬಾಲದ ಮೇಲೆ ಬೆರಳು ಎಳೆಯಿತು, ಬೆರಳು ಬೆಳ್ಳಗಾಯಿತು. ಒಳಮನೆಯ ಮೂಲೆಯ ಕಡೆ ಕಣ್ಣು ಹೋಯಿತು; ಇಲ್ಲಿಂದ ಅಲ್ಲಿನದೇನೂ ಕಾಣುವುದಿಲ್ಲ. ತುಟಿ ಅಲ್ಲಾಡಿತು, ನಿಂತಿತು. ಬಹಳ ಹೊತ್ತಾದ ಮೇಲೆ, ತಪ್ಪಾದರೆ ಯಾರಿಗೂ ಕೇಳಿಸಬಾರದೆಂಬಂತೆ ಹೇಳಿತು. "ಕೊಡ?"

ಹಿಂದೆ ದಪ್ಪೆಂದು ಸದ್ದಾಯಿತು. ಕೊಟ್ಟಿಗೆಯ ಬಾಗಿಲಲ್ಲಿ ಚಲುವಮ್ಮನ ಸಗಣಿ ಬುಟ್ಟಿ ನೆಲಕ್ಕೆ ಬಿದ್ದಿತ್ತು. ಅವಳು ಕಲ್ಲಿನ ಮೇಲಿನ ಸೊಟ್ಟ ಅಕ್ಷರಗಳನ್ನು ನೋಡಿದಳು. ಅತ್ತೆಯ ಬೆರಳ ತುದಿಯ ಸುಣ್ಣ ನೋಡಿದಳು.

"ಅತ್ತೆ, ನಿಮಗೆ ಓದಕ್ಕೆ..."

"ಓದಾ? ನಂಗ್ಯಾವ ಓದು." ಸಣ್ಣತಾಯಮ್ಮ ತಿರುಗಿ ನೋಡಲಿಲ್ಲ. "ಕೊಡದ್ದ ಕಿತ್ತು ಒಲೆ ತಾವ ಅಂಟಿಸುವಾಗ ಗುರ್ತ ನೋಡಿ ಮಡಿಕ್ಕಂಡಿದ್ದೆ."

ಒಳಗೆ ಪುಟ್ಟಮಾದಮ್ಮ ಉಜ್ಜುತ್ತಿದ್ದ ತಪ್ಪಲೆಯ ಸದ್ದು ನಿಂತಿತು. ಚಲುವಮ್ಮನ ಮುಖ ಕೆಂಪಾಯಿತು. ಏನೋ ದೊಡ್ಡದೇ ಮಾತು ಗಂಟಲವರೆಗೆ ಬಂದಿತ್ತು, ಬರಬೇಕಾದದ್ದೇ. ಸಣ್ಣತಾಯಮ್ಮ ಅದಕ್ಕೆ ಬೆನ್ನು ಕೊಟ್ಟು ಕಾದು ಕೂತಳು. ಮಗು ಮಾತ್ರ ಇನ್ನೊಂದು ಸಲ, ಈ ಸಲ ಗಟ್ಟಿಯಾಗಿ, "ಕೊಡ" ಎಂದಿತು.

ಸಣ್ಣತಾಯಮ್ಮ ಸುಣ್ಣದ ಡಬ್ಬಿಯನ್ನು ನೆಲದ ಮೇಲೆ ಹಿಂದಕ್ಕೆ, ಸೊಸೆಯ ಕಡೆಗೆ ಸರಿಸಿದಳು.

"ಕಣಜದ್ದು, ಒಲೇದು ಗೊತ್ತದೆ" ಎಂದಳು. "ಕಂಬದ್ದು ನಾನು ಕಿತ್ತಿರ್ನಿಲ್ಲ. ಅದ ಬರಿ."

ಚಲುವಮ್ಮ ನಿಂತೇ ಇದ್ದಳು. ಆಮೇಲೆ ಸಗಣಿಯ ಕೈಯನ್ನು ಗೋಡೆಗೆ ಒರೆಸಿ, ಸೆರಗಿಗೆ ಒರೆಸಿ, ಬಂದು ಕಲ್ಲಿನ ಮುಂದೆ ಕೂತು ಬೆರಳನ್ನು ಡಬ್ಬಿಗೆ ಅದ್ದಿದಳು. ಅಜ್ಜಿಯೂ ಮೊಮ್ಮಗಳೂ ಅಕ್ಕಪಕ್ಕ ಬಗ್ಗಿ, ಕಲ್ಲಿನ ಮೇಲೆ ಬೆರಳು ಎತ್ತ ತಿರುಗುತ್ತದೆಂದು ಕಣ್ಣು ಕೀಲಿಸಿ ನೋಡಿದರು.